ಕಿಡಿ ಹಂಚುವ ಕರಿಯ ಬಟ್ಟಲು

ಲಿಂಗಸುಗೂರಿನಿಂದ ಹೊರಟು, ಮಸ್ಕಿಯನ್ನು ಹಾದು, ಸಿಂಧನೂರನ್ನು ಸೇರುವ ಹಾದಿಯು ಕೃಷ್ಣೆ ತುಂಗಭದ್ರೆಯರ ನಡುವಣ ಎಡೆದೊರೆ ನಾಡಿನ ಮಧ್ಯದಲ್ಲಿ ಸಾಗುತ್ತದೆ. ಲಿಂಗಸುಗೂರಿನ ಕಡೆಗೆ ಮಳೆಯನ್ನೇ ನಂಬಿದ ಬೆದ್ದಲು ಹೊಲಗಳು. ಸಿಂಧನೂರಿನ ಕಡೆಗೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡು ಬೆಳೆದ ಬತ್ತದ ಗದ್ದೆಗಳು. ನಡುವೆ ಮಲ್ಲಿಕಾರ್ಜುನನ ಗುಡ್ಡವನ್ನು ಬೆನ್ನಿಗಿಟ್ಟುಕೊಂಡು ಕುಳಿತಿರುವ ಮಸ್ಕಿ. ಇಂದು ಈ ಹಾದಿ ರಾಷ್ಟ್ರೀಯ ಹೆದ್ದಾರಿಯ ಒಂದು ತುಂಡಾಗಿದೆ. ಆದರೆ ಇಲ್ಲಿ ಹೇಳಹೊರಟಿರುವುದು ಹಾದಿ ಇಷ್ಟು ಹಸನಾಗಿರದಿದ್ದ ಕಾಲದ ಮಾತು. ರಸ್ತೆಯ ಮೇಲೆ ಅಂಬಾಸಿಡರು, ಫಿಯೆಟ್ಟು, ಜೀಪು ಈ ಮೂರನ್ನು ಬಿಟ್ಟು ನಾಲ್ಕನೆಯ ಬಗೆಯ ಕಾರು ಕಂಡರೆ ಹುಡುಗರು ಹಿಂದೆ ಓಡುತ್ತಿದ್ದ ಕಾಲ.

1970ರ ಸುಮಾರಿನ ವೈಶಾಖದ ಒಂದು ರಾತ್ರಿಯನ್ನು ಓದುಗರು ಕಲ್ಪಿಸಿಕೊಳ್ಳಬೇಕು. ಮದುವೆಯ ಬಳಗದವರೆಲ್ಲ ಬಸ್ಸಿನಲ್ಲಿ ಮುಂದೆ ಹೋಗಿದ್ದಾರೆ. ಹಿಂದೆ ಉಳಿದ ಅಂಬಾಸಿಡರಿನಲ್ಲಿ ಮದುಮಗ, ಅವನ ಅಕ್ಕ, ಸೋದರಮಾವ, ಒಂದು ಟ್ರಂಕು, ಎರಡು ಬುಟ್ಟಿ ಹೂವು. ಮರುದಿನ ಬೆಳಗಿನ ಎಂಟು ಗಂಟೆಗೆ ಸಿಂಧನೂರಿನಲ್ಲಿ ಅಕ್ಕಿಕಾಳು. ಮಸ್ಕಿಗೆ ಇನ್ನೇನು ಒಂದು ಮೈಲಿ ಇದೆ ಎನ್ನುವಾಗ ಗುಡುಗಿನೊಡನೆ ಅಡ್ಡಮಳೆ ಸುರಿಯಿತು. ಗಾಡಿ ಎರಡು ಸಲ ಕೆಮ್ಮಿತು, ಒಮ್ಮೆ ನಡುಗಿತು, ನಿಂತಿತು. ಡ್ರೈವರು ಮಿಸ್ತ್ರಿಯನ್ನು ಕರೆತರಲು ಮಸ್ಕಿಯ ಕಡೆಗೆ ನಡೆದ. ಅವನು ಮರಳುವುದರೊಳಗೆ, ಹದಿನಾರು ವರ್ಷದ ಕ್ಲೀನರ್ ಹುಡುಗನಿಗೆ ತನ್ನ ವಿದ್ಯೆಯನ್ನು ಮದುಮಗನ ಮುಂದೆ ತೋರಿಸುವ ಉಮೇದು ಬಂದಿತು. ಬ್ಯಾಟರಿಯ ಬೆಳಕಿನಲ್ಲಿ ಬಾನೆಟ್ಟನ್ನೆತ್ತಿ, ನಾಲ್ಕು ಪ್ಲಗ್ಗಿನ ವಾಯರುಗಳನ್ನೂ ಕಿತ್ತು, ಡಿಸ್ಟ್ರಿಬ್ಯೂಟರನ್ನು ಹಿಡಿದ ಬಿಗಿಪಟ್ಟಿಯನ್ನು ಸಡಿಲಿಸಿ, ಅದನ್ನು ಬೇರುಸಹಿತ ಹೊರಗೆ ಎಳೆದುಬಿಟ್ಟ. ಒರೆಸಿದ, ಊದಿದ, ಮತ್ತೆ ತೂರಿಸಿದ. ಸ್ಟಾರ್ಟರ್ ಎಳೆದಾಗ ಎಂಜಿನ್ನು ಹೊತ್ತಿಕೊಳ್ಳುವ ಬದಲು ಸೈಲೆನ್ಸರಿನಿಂದ ಫಿರಂಗಿಯಂತೆ ಢಂ ಎಂದಿತು. ಹೂವಿನ ಬುಟ್ಟಿ ಹಿಡಿದಿದ್ದ ಅಕ್ಕ ಬೆಚ್ಚಿ ಕೂಗಿದಳು.

ಮಿಸ್ತ್ರಿ ಬಂದ. ಅರವತ್ತು ದಾಟಿದ ಮುದುಕ. ಹೆಗಲ ಮೇಲೆ ಒರೆಸುವ ಬಟ್ಟೆ, ಕೈಯಲ್ಲಿ ಪಾನಾಗಳ ಗಂಟು.

“ಇದನ್ನ ಯಾರು ಬಿಚ್ಚಿದೋರು?”

“ನಾನರೀ ಉಸ್ತಾದ. ಪಾಯಿಂಟ್ ನೋಡೂಣಂತ ಬಿಚ್ಚಿದೆ.”

“ಗುರುತ ಹಾಕಿದ್ದೇನು?”

ಹುಡುಗ ಮಾತಾಡಲಿಲ್ಲ.

“ವಾಯರಿಗೆ?”

“ಅದಕ್ಕೂ ಇಲ್ರಿ.”

ಸೋದರಮಾವನಿಗೆ ತಡೆಯಲಾಗಲಿಲ್ಲ. “ಮುಂಜಾನೆ ಎಂಟಕ್ಕ ಅಕ್ಕಿಕಾಳು ಐತ್ರಿ ಉಸ್ತಾದ್ರ!”

“ಕುಂಡ್ರ್ರಿ ಯಜಮಾನ್ರ. ಗಾಡಿ ಸತ್ತಿಲ್ಲ, ಎಣಿಕಿ ತಪ್ಪೇತಿ, ಅಷ್ಟs.”

ಮುದುಕನ ಆ ಒಂದು ಮಾತಿನಲ್ಲಿ ಇಡೀ ವಿದ್ಯೆಯೇ ಅಡಗಿದೆ. ಪೆಟ್ರೋಲು ಇದೆ, ಗಾಳಿ ಇದೆ, ಕಿಡಿಯೂ ಇದೆ. ಆದರೆ ಕಿಡಿ ಬೀಳಬೇಕಾದ ಗಳಿಗೆಯ ಲೆಕ್ಕ ಕೆಟ್ಟಿದೆ. ಮದುವೆಗೆ ಮುಹೂರ್ತವಿರುವಂತೆ ಎಂಜಿನ್ನಿಗೂ ಒಂದು ಮುಹೂರ್ತವುಂಟು. ಅದು ಗಂಟೆಗೊಂದು ಸಲವಲ್ಲ, ಸೆಕೆಂಡಿಗೆ ನೂರು ಸಲ.

ಎಣಿಕೆಯ ಯಂತ್ರ

ಅಂಬಾಸಿಡರಿನಂಥ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದೊಂದು ಪಿಸ್ಟನ್ನಿಗೂ ನಾಲ್ಕು ಕೆಲಸ: ಪೆಟ್ರೋಲು ಗಾಳಿಗಳ ಮಿಶ್ರಣವನ್ನು ಒಳಗೆಳೆದುಕೊಳ್ಳುವುದು, ಅದನ್ನು ಒತ್ತುವುದು, ಉರಿದ ಅನಿಲದ ಹೊಡೆತಕ್ಕೆ ಕೆಳಗಿಳಿಯುವುದು, ಹೊಗೆಯನ್ನು ಹೊರಗೆ ದೂಡುವುದು. ಈ ನಾಲ್ಕು ಮುಗಿಯುವುದರೊಳಗೆ ಕ್ರ್ಯಾಂಕು ಎರಡು ಸುತ್ತು ತಿರುಗಿರುತ್ತದೆ. ಒತ್ತುವ ಕೆಲಸ ಇನ್ನೇನು ಮುಗಿಯಬೇಕು ಎನ್ನುವಾಗ, ಪಿಸ್ಟನ್ನು ತುದಿಗೆ ಬರುವುದಕ್ಕೆ ತುಸು ಮೊದಲೇ, ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ತುಸು ಮೊದಲೇ ಏಕೆಂದರೆ, ಅನಿಲ ಹೊತ್ತಿಕೊಂಡು ಪೂರ್ತಿ ಉರಿಯುವುದಕ್ಕೂ ಕಣ್ಣರೆಪ್ಪೆಯ ಬಡಿತಕ್ಕಿಂತ ಸಣ್ಣದೊಂದು ಹೊತ್ತು ಬೇಕು. ಕಿಡಿ ತೀರ ಬೇಗ ಬಿದ್ದರೆ ಮೇಲೇರುತ್ತಿರುವ ಪಿಸ್ಟನ್ನಿನ ನೆತ್ತಿಗೆ ಹೊಡೆತ. ಹ್ಯಾಂಡಲ್ ತಿರುಗಿಸುವವನ ಮಣಿಕಟ್ಟು ಮುರಿದ ಪ್ರಸಂಗಗಳು ಹಿಂದಿನ ಕಾಲದಲ್ಲಿ ಲೆಕ್ಕವಿಲ್ಲದಷ್ಟು ನಡೆದಿವೆ. ತೀರ ತಡವಾದರೆ ಶಕ್ತಿಯೆಲ್ಲ ಹೊಗೆಯೊಡನೆ ಹೊರಗೆ ಹೋಗಿ ಎಂಜಿನ್ನು ಕಾದು ಕೆಂಡವಾಗುತ್ತದೆ.

ಬ್ಯಾಟರಿಯಲ್ಲಿರುವುದು ಬರಿಯ ಹನ್ನೆರಡು ವೋಲ್ಟು. ಅಷ್ಟರಿಂದ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರದು. ಅದಕ್ಕೆ ಹತ್ತು ಹದಿನೈದು ಸಾವಿರ ವೋಲ್ಟಾದರೂ ಬೇಕು. ಈ ಹೆಚ್ಚಳ ಮಾಡಿಕೊಡುವುದು ಕಾಯಿಲು. ಅದರೊಳಗೆ ದಪ್ಪ ತಂತಿಯ ಕೆಲವು ನೂರು ಸುತ್ತು, ಕೂದಲಿನಂಥ ತಂತಿಯ ಹಲವು ಸಾವಿರ ಸುತ್ತು. ದಪ್ಪ ತಂತಿಯಲ್ಲಿ ಹರಿಯುತ್ತಿರುವ ವಿದ್ಯುತ್ತನ್ನು ತಟ್ಟನೆ ಕಡಿದರೆ ಸಣ್ಣ ತಂತಿಯಲ್ಲಿ ಭಾರಿ ವೋಲ್ಟು ಚಿಮ್ಮುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಟ್ಟ ತತ್ತ್ವವೇ ಇದರ ಮೂಲ.

ಹಾಗಾದರೆ ವಿದ್ಯುತ್ತನ್ನು ಕಡಿಯುವವರು ಯಾರು? ಹುಟ್ಟಿದ ಕಿಡಿಯನ್ನು ನಾಲ್ವರಲ್ಲಿ ಸರದಿ ತಪ್ಪದಂತೆ ಹಂಚುವವರು ಯಾರು? ಎರಡೂ ಕೆಲಸ ಆ ಕರಿಯ ಬಟ್ಟಲಿನದು. ಡಿಸ್ಟ್ರಿಬ್ಯೂಟರಿನ ನಡುವೆ ನಿಂತ ದಂಡವು ಕ್ಯಾಮ್‌ಶಾಫ್ಟಿನಿಂದ ಚಲನೆ ಪಡೆದು, ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ದಂಡದ ಮೈಮೇಲಿನ ನಾಲ್ಕು ಮೂಲೆಗಳು ಪಾಯಿಂಟು ಎಂಬ ಎರಡು ಲೋಹದ ತುಟಿಗಳನ್ನು ಸುತ್ತಿಗೆ ನಾಲ್ಕು ಸಲ ಬಿಡಿಸುತ್ತವೆ. ಬಿಡಿಸಿದಾಗಲೆಲ್ಲ ಕಾಯಿಲಿನಲ್ಲಿ ಕಿಡಿಯ ಹುಟ್ಟು. ದಂಡದ ನೆತ್ತಿಯಲ್ಲಿ ಕುಳಿತ ರೋಟರು ಎಂಬ ತೋರುಬೆರಳು ಆ ಗಳಿಗೆಗೆ ಯಾವ ಸಿಲಿಂಡರಿನ ಸರದಿಯೋ ಅದರ ವಾಯರಿಗೆ ನೇರವಾಗಿ ನಿಂತಿರುತ್ತದೆ. ಪಕ್ಕದಲ್ಲಿ ಬೆರಳುದ್ದದ ಕಂಡೆನ್ಸರು. ಪಾಯಿಂಟಿನ ತುಟಿಗಳ ನಡುವೆಯೇ ಕಿಡಿ ಹಾರಿ ಅವು ಸುಟ್ಟುಹೋಗದಂತೆ ಕಾಯುವುದು ಅದರ ಕೆಲಸ. ಎಂಜಿನ್ನು ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಆ ತುಟಿಗಳು ಸೆಕೆಂಡಿಗೆ ನೂರು ಸಲ ತೆರೆದು ಮುಚ್ಚುತ್ತವೆ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವುದರೊಳಗೆ ಎಷ್ಟು ಸಲವೆಂದು ಲೆಕ್ಕ ಹಾಕುವ ಶ್ರಮವನ್ನು ಗಣಿತಪ್ರಿಯರಿಗೆ ಬಿಡಬಹುದು.

ಸರದಿಯೂ ಒಂದು, ಎರಡು, ಮೂರು, ನಾಲ್ಕು ಎಂಬ ಸಾಲಿನದಲ್ಲ. ಒಂದು, ಮೂರು, ನಾಲ್ಕು, ಎರಡು. ಅಂಬಾಸಿಡರಿಗೂ ಇದೇ, ಫಿಯೆಟ್ಟಿಗೂ ಇದೇ, ಜೀಪಿಗೂ ಇದೇ. ಗ್ಯಾರೇಜಿಗೆ ಸೇರಿದ ಹುಡುಗನಿಗೆ ಉಸ್ತಾದರು ಹೇಳಿಕೊಡುತ್ತಿದ್ದ ಮೊದಲ ಮಂತ್ರವೆಂದರೆ ‘ಒಂದು ಮೂರು ನಾಕು ಎರಡು’.

ಬಿಚ್ಚುವ ಮುನ್ನ

ನಿಜ ಹೇಳುವುದಾದರೆ, ಡಿಸ್ಟ್ರಿಬ್ಯೂಟರನ್ನು ಪೂರ್ತಿಯಾಗಿ ಹೊರತೆಗೆಯುವ ಅಗತ್ಯ ಬರುವುದೇ ಅಪರೂಪ. ಪಾಯಿಂಟು, ಕಂಡೆನ್ಸರು, ರೋಟರು, ಮುಚ್ಚಳ ಇವೆಲ್ಲವನ್ನೂ ಇದ್ದಲ್ಲಿಯೇ ಬದಲಾಯಿಸಬಹುದು. ದಂಡ ನಿಂತ ಬುಷ್ ಸವೆದು ಅದು ಅಲ್ಲಾಡತೊಡಗಿದಾಗ, ಅಥವಾ ವೇಗ ಹೆಚ್ಚಿದಂತೆ ಕಿಡಿಯನ್ನು ಮುಂದಕ್ಕೆ ತರುವ ಒಳಗಿನ ಪುಟ್ಟ ತೂಕದ ಕಲ್ಲುಗಳು ತುಕ್ಕು ಹಿಡಿದು ಕಚ್ಚಿಕೊಂಡಾಗ ಮಾತ್ರ ಬೇರು ಕೀಳಬೇಕು. ದಂಡ ಅಲ್ಲಾಡುತ್ತಿದೆಯೇ ಎಂದು ತಿಳಿಯಲು ರೋಟರನ್ನು ತೆಗೆದು ದಂಡವನ್ನು ಎರಡು ಬೆರಳಲ್ಲಿ ಹಿಡಿದು ಅತ್ತಿತ್ತ ಆಡಿಸಿದರೆ ಸಾಕು. ಹೀಗೆ ಅಲ್ಲಾಡುವ ದಂಡವಿದ್ದಾಗ ಪಾಯಿಂಟಿನ ಸಂದನ್ನು ಎಷ್ಟು ಸರಿಪಡಿಸಿದರೂ ಒಂದೊಂದು ಮೂಲೆಗೆ ಒಂದೊಂದು ಅಳತೆ ಬರುತ್ತದೆ. ಯಜಮಾನನ ಹಣವೂ ಮಿಸ್ತ್ರಿಯ ಹೆಸರೂ ಒಟ್ಟಿಗೆ ಸವೆಯುತ್ತವೆ.

ತೆಗೆಯಲೇಬೇಕಾದರೆ ಅದಕ್ಕೊಂದು ಕ್ರಮವಿದೆ. ಮೊದಲು ಬ್ಯಾಟರಿಯ ಒಂದು ತಂತಿಯನ್ನು ಕಳಚಬೇಕು. ಪ್ಲಗ್ಗಿನ ವಾಯರುಗಳಿಗೆ ಅಂಟುಪಟ್ಟಿಯ ಮೇಲೆ ಒಂದರಿಂದ ನಾಲ್ಕರವರೆಗೆ ಅಂಕಿ ಬರೆದು ಅಂಟಿಸಬೇಕು. ಕಾಗದವಿಲ್ಲದಿದ್ದರೆ ಒಂದಕ್ಕೆ ಒಂದು ಗಂಟು, ಎರಡಕ್ಕೆ ಎರಡು ಗಂಟು ದಾರ ಕಟ್ಟಿದರೂ ಆದೀತು. ಮುಚ್ಚಳದ ಎರಡು ಕಬ್ಬಿಣದ ಚಿಮುಟಗಳನ್ನು ಸರಿಸಿ, ವಾಯರುಗಳನ್ನು ಕೀಳದೆಯೇ ಮುಚ್ಚಳವನ್ನು ಪಕ್ಕಕ್ಕೆ ತೂಗುಹಾಕಬೇಕು. ಆಮೇಲೆ ಎಂಜಿನ್ನನ್ನು ಹ್ಯಾಂಡಲಿನಿಂದ ನಿಧಾನವಾಗಿ ತಿರುಗಿಸಿ, ರೋಟರು ಒಂದನೆಯ ವಾಯರಿನ ನೆಲೆಗೆ ಬರುವಂತೆ ನಿಲ್ಲಿಸಬೇಕು. ಕ್ರ್ಯಾಂಕಿನ ಪುಲ್ಲಿಯ ಅಂಚಿನಲ್ಲಿರುವ ಕಚ್ಚು ಆಗ ಟೈಮಿಂಗ್ ಕವರಿನ ಮುಳ್ಳುಗಳ ಬಳಿ ಇರುತ್ತದೆ. ರೋಟರಿನ ತುದಿ ಎಲ್ಲಿಗೆ ನೋಡುತ್ತಿದೆಯೋ ಅಲ್ಲಿ ಬಟ್ಟಲಿನ ಅಂಚಿನ ಮೇಲೊಂದು ಗೆರೆ. ಬಟ್ಟಲಿನಿಂದ ಎಂಜಿನ್ನಿನ ಮೈಗೆ ಹಾಯ್ದಂತೆ ಇನ್ನೊಂದು ಗೆರೆ. ಎರಡು ಗೆರೆ, ಎರಡು ನಿಮಿಷದ ಕೆಲಸ.

ಗೆರೆ ಕೊರೆಯುವ ವಿಷಯ ಬಂದಾಗ ಮಸ್ಕಿಯ ನೆನಪಾಗದಿರದು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬಾತ ಈ ಊರಿನ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನವನ್ನು ಕಂಡುಹಿಡಿದನು. ಅದುವರೆಗೆ ದೊರೆತಿದ್ದ ಶಾಸನಗಳಲ್ಲೆಲ್ಲ ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರವಿತ್ತು. ಆ ಬಿರುದಿನೊಡನೆ ಅಶೋಕನ ಹೆಸರನ್ನೂ ಕೂಡಿಸಿ ಕೊರೆದಿದ್ದ ಗುರುತು ಸಿಕ್ಕಿದ್ದು ಇಲ್ಲಿಯೇ. ಒಂದು ಹೆಸರನ್ನು ಕಲ್ಲಿನ ಮೇಲೆ ಬಿಟ್ಟುಹೋದದ್ದರಿಂದ ಎರಡು ಸಾವಿರ ವರ್ಷಗಳ ಮೇಲೆ ವಿದ್ವಾಂಸರ ಗೊಂದಲ ಬಗೆಹರಿಯಿತು. ಅದೇ ಊರಿನ ಹೊರವಲಯದಲ್ಲಿ ಕಬ್ಬಿಣದ ಮೇಲೆ ಒಂದು ಗೆರೆ ಕೊರೆಯಲು ಮರೆತ ಹುಡುಗ ಒಂದು ಮದುವೆಯನ್ನು ತೂಗುಯ್ಯಾಲೆಯಲ್ಲಿಟ್ಟ.

ಗೆರೆಗಳಾದ ಮೇಲೆ ಕಾಯಿಲಿನಿಂದ ಬರುವ ಸಣ್ಣ ತಂತಿಯನ್ನೂ ಕಾರ್ಬುರೇಟರಿನಿಂದ ಬರುವ ತೆಳು ಕೊಳವೆಯನ್ನೂ ಬಿಡಿಸಬೇಕು. ಇಲ್ಲಿ ಅಂಬಾಸಿಡರಿನ ಒಂದು ಸೊಗಸನ್ನು ಹೇಳಲೇಬೇಕು. ಅದರ ಡಿಸ್ಟ್ರಿಬ್ಯೂಟರನ್ನು ಹಿಡಿದಿರುವ ಪಟ್ಟಿಗೆ ಮೂರು ಬೋಲ್ಟುಗಳುಂಟು: ಪಟ್ಟಿಯನ್ನು ಎಂಜಿನ್ನಿಗೆ ಬಿಗಿದಿರುವ ಎರಡು, ಪಟ್ಟಿಯೇ ಡಿಸ್ಟ್ರಿಬ್ಯೂಟರಿನ ಕತ್ತನ್ನು ಹಿಡಿದಿರುವ ಒಂದು. ಆ ಎರಡನ್ನು ಮಾತ್ರ ಬಿಚ್ಚಿ, ಕತ್ತಿನ ಬೋಲ್ಟನ್ನು ಮುಟ್ಟದೆ ಎತ್ತಿದರೆ ಪಟ್ಟಿಯ ಸಮೇತ ಹೊರಬರುತ್ತದೆ. ಮತ್ತೆ ಕೂರಿಸಿದಾಗ ಟೈಮಿಂಗು ಕೂದಲೆಳೆಯಷ್ಟೂ ಕದಲಿರುವುದಿಲ್ಲ. ದಂಡದ ಬುಡದಲ್ಲಿರುವ ನಾಲಗೆಯನ್ನು ಬೇಕೆಂದೇ ನಡುವಿನಿಂದ ಒಂದು ಪಕ್ಕಕ್ಕೆ ಸರಿಸಿ ಮಾಡಿರುವುದರಿಂದ ಅದು ಕೆಳಗಿನ ಗಾಡಿಯಲ್ಲಿ ಒಂದೇ ಬಗೆಯಲ್ಲಿ ಕೂರುತ್ತದೆ, ಹಿಂದುಮುಂದಾಗಿ ಕೂರುವ ಭಯವೇ ಇಲ್ಲ. ಯಾವನೋ ಪುಣ್ಯಾತ್ಮ ಎಂಜಿನಿಯರನು ನಡುರಾತ್ರಿಯಲ್ಲಿ ರಸ್ತೆಯ ಮೇಲೆ ನಿಂತವರ ಕಷ್ಟವನ್ನು ಮೊದಲೇ ಬಲ್ಲವನಾಗಿದ್ದನೆಂದು ತೋರುತ್ತದೆ. ಇಷ್ಟಾದರೂ ಅವಸರದ ಕೈ ಹುಡುಕಿಕೊಂಡು ಹೋಗಿ ಬಿಚ್ಚುವುದು ಆ ಮೂರನೆಯ ಬೋಲ್ಟನ್ನೇ.

ಜೀಪಿನ ಬಗೆ ಬೇರೆ. ಅದರ ಡಿಸ್ಟ್ರಿಬ್ಯೂಟರು ಚಲನೆ ಪಡೆಯುವುದು ಆಯಿಲ್ ಪಂಪಿನ ದಂಡದಿಂದ. ಪಂಪು ಎಂಜಿನ್ನಿನ ಇನ್ನೊಂದು ಮಗ್ಗುಲಲ್ಲಿದೆ. ಆಯಿಲ್ ಒತ್ತಡ ಕಡಮೆಯಾಯಿತೆಂದು ಪಂಪನ್ನು ಬಿಚ್ಚಿ ಹಾಕಿದವನು, ತಾನು ಮುಟ್ಟದೆ ಇದ್ದ ಡಿಸ್ಟ್ರಿಬ್ಯೂಟರಿನ ಎಣಿಕೆಯನ್ನೂ ತಪ್ಪಿಸಿರುತ್ತಾನೆ. ‘ನಾನು ಅದರ ಹತ್ತಿರಕ್ಕೂ ಹೋಗಿಲ್ಲ’ ಎಂದು ಅವನು ಆಣೆ ಮಾಡಿದರೆ ಸುಳ್ಳಲ್ಲ. ಗಾಡಿ ಏಳದಿರುವುದೂ ಸುಳ್ಳಲ್ಲ. ಇನ್ನು ಕೆಲವು ಕಾರುಗಳಲ್ಲಿ ದಂಡದ ತುದಿಯಲ್ಲಿಯೇ ಓರೆಹಲ್ಲಿನ ಚಕ್ರವಿರುತ್ತದೆ. ಅಂಥದನ್ನು ಮೇಲಕ್ಕೆ ಎಳೆಯುವಾಗ ಹಲ್ಲುಗಳ ಓರೆಗೆ ತಕ್ಕಂತೆ ರೋಟರು ಒಂದಿಷ್ಟು ತಿರುಗಿಬಿಡುತ್ತದೆ. ಮರಳಿ ಇಳಿಸುವಾಗ ಅಷ್ಟೇ ದೂರದಿಂದ ಹೊರಡಿಸಿದರೆ ಮಾತ್ರ ಗೆರೆಗೆ ಬಂದು ನಿಲ್ಲುತ್ತದೆ. ಡಿಸ್ಟ್ರಿಬ್ಯೂಟರು ಹೊರಗಿರುವಾಗ ಇಂಥ ಎಂಜಿನ್ನನ್ನು ಯಾರೂ ತಿರುಗಿಸಕೂಡದು. ಎಲ್ಲ ಬಗೆಯಲ್ಲಿಯೂ ತೆರೆದ ತೂತಿಗೆ ಕೂಡಲೇ ಒಂದು ಶುದ್ಧ ಬಟ್ಟೆ ತುರುಕಬೇಕು. ಒಳಗೆ ಬಿದ್ದ ಒಂದು ವಾಷರನ್ನು ತೆಗೆಯಲು ಆಯಿಲ್ ಚೇಂಬರನ್ನೇ ಇಳಿಸಬೇಕಾಗಿ ಬಂದವರು ಈ ಮಾತನ್ನು ಎರಡನೆಯ ಸಲ ಕೇಳುವುದಿಲ್ಲ.

ಹೆಬ್ಬೆರಳ ಸಾಕ್ಷಿ

ಗುರುತಿಲ್ಲದೆ ಬಿಚ್ಚಿದ್ದಾಗ ಎಂಜಿನ್ನನ್ನೇ ಸಾಕ್ಷಿ ಕೇಳಬೇಕು. ಮುದುಕ ಮಿಸ್ತ್ರಿ ಹುಡುಗನಿಗೆ ಬಯ್ಯಲಿಲ್ಲ, ಕೆಲಸ ಹೇಳಿದ.

“ಒಂದನೇ ನಂಬರಿನ ಪ್ಲಗ್ ಬಿಚ್ಚು. ತೂತಿಗೆ ಹೆಬ್ಬಟ್ಟು ಇಡು. ನಾ ಹ್ಯಾಂಡಲ್ ತಿರುವತೀನಿ. ಗಾಳಿ ನೂಕಿದ ಕೂಡ್ಲೆ ಹೇಳು.”

ಒತ್ತುವ ಸರದಿ ಬಂದಾಗ ಸಿಲಿಂಡರಿನೊಳಗಿನ ಗಾಳಿ ಹೆಬ್ಬೆರಳನ್ನು ಹೊರಗೆ ನೂಕುತ್ತದೆ. ಪಿಸ್ಟನ್ನು ಮೇಲೇರುವುದು ಎರಡು ಸುತ್ತಿನಲ್ಲಿ ಎರಡು ಸಲವಾದರೂ ನೂಕುವುದು ಒಂದೇ ಸಲ. ಇನ್ನೊಂದು ಸಲ ಹೊಗೆಯ ಬಾಗಿಲು ತೆರೆದಿರುತ್ತದೆ. ಪುಲ್ಲಿಯ ಕಚ್ಚನ್ನು ಮಾತ್ರ ನೋಡಿ ನಂಬುವವರು ಎಡವುವುದು ಇಲ್ಲಿಯೇ. ಕಚ್ಚು ಎರಡೂ ಸಲ ಒಂದೇ ಜಾಗಕ್ಕೆ ಬರುತ್ತದೆ. ಹೆಬ್ಬೆರಳಿಗೆ ಮಾತ್ರ ನಿಜ ಗೊತ್ತು.

“ನೂಕ್ತು ಉಸ್ತಾದ!”

ಮುದುಕ ಹ್ಯಾಂಡಲನ್ನು ಇನ್ನು ಸ್ವಲ್ಪವೇ ನೂಕಿ, ಬ್ಯಾಟರಿಯ ಬೆಳಕಿನಲ್ಲಿ ಕಚ್ಚನ್ನು ಮುಳ್ಳಿನ ಬಳಿಗೆ ತಂದು ನಿಲ್ಲಿಸಿದ. ಎಷ್ಟು ಡಿಗ್ರಿ ಮುಂಚೆ ಎಂಬುದು ಒಂದೊಂದು ಮಾದರಿಗೆ ಬೇರೆ. ಅದನ್ನು ತಯಾರಕರ ಕೈಪಿಡಿ ಹೇಳುತ್ತದೆ. ಡಿಸ್ಟ್ರಿಬ್ಯೂಟರನ್ನು ಇಳಿಸಿ ನಾಲಗೆ ಗಾಡಿಯಲ್ಲಿ ಕೂರುವವರೆಗೆ ರೋಟರನ್ನು ಮೆಲ್ಲಗೆ ಆಡಿಸಿದ. ರೋಟರು ಈಗ ಯಾವ ಕಡೆಗೆ ನೋಡುತ್ತದೆಯೋ ಅದೇ ಒಂದನೆಯ ವಾಯರಿನ ನೆಲೆ. ಅಲ್ಲಿಂದ ರೋಟರು ತಿರುಗುವ ದಿಕ್ಕಿಗೇ, ಎಂದರೆ ಅಂಬಾಸಿಡರಿನಲ್ಲಿ ಎಡಸುತ್ತಾಗಿ, ಮೂರು, ನಾಲ್ಕು, ಎರಡು. ದಿಕ್ಕು ತಪ್ಪಿ ಬಲಸುತ್ತಾಗಿ ಹಾಕಿದರೆ ಒಂದೂ ನಾಲ್ಕೂ ಸರಿಯಾಗಿಯೇ ಇರುತ್ತವೆ, ಮೂರೂ ಎರಡೂ ಅದಲುಬದಲಾಗುತ್ತವೆ; ಎಂಜಿನ್ನು ಕುಂಟಪಿಲ್ಲಿ ಆಡುತ್ತದೆ. ಹುಡುಗ ಮಾಡಿದ್ದ ತಪ್ಪುಗಳಲ್ಲಿ ಇದೂ ಒಂದು.

ಪಾಯಿಂಟಿನ ಸಂದು ಅಂಗುಲದ ಸಾವಿರದ ಹದಿನೈದು ಪಾಲು. ಅಳೆಯುವ ತಗಡು ಇಲ್ಲದವರು ವಿಸಿಟಿಂಗ್ ಕಾರ್ಡಿನ ದಪ್ಪವನ್ನು ನಂಬುತ್ತಿದ್ದರು; ಪ್ಲಗ್ಗಿನ ಸಂದಿಗೆ ಗರಗಸದ ಅಲಗನ್ನು. ಗರಗಸದ ಅಲಗು ಅಂಗುಲದ ಸಾವಿರದ ಇಪ್ಪತ್ತೈದು ಪಾಲು ದಪ್ಪ, ಪ್ಲಗ್ಗಿಗೆ ಬೇಕಾದದ್ದೂ ಅಷ್ಟೇ ಎಂಬುದು ಕಮ್ಮಾರಸಾಲೆಗೂ ಮೋಟಾರಿಗೂ ಇರುವ ಹಳೆಯ ನೆಂಟಸ್ತಿಕೆ.

ಇನ್ನು ಗಳಿಗೆಯನ್ನು ಕಟ್ಟುವ ಕೆಲಸ. ಮುದುಕ ಕಾರಿನೊಳಗಿನ ದೀಪದ ಬುರುಡೆಯನ್ನು ಬಿಚ್ಚಿ, ಅದಕ್ಕೆರಡು ತುಂಡು ತಂತಿ ಸುತ್ತಿ, ಒಂದನ್ನು ಡಿಸ್ಟ್ರಿಬ್ಯೂಟರಿನ ಸಣ್ಣ ತಂತಿಯ ತಿರುಪಿಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಹಿಡಿದ. ಚಾವಿ ತಿರುಗಿಸಲು ಹೇಳಿದ. ಪಾಯಿಂಟು ಮುಚ್ಚಿರುವಷ್ಟು ಹೊತ್ತು ವಿದ್ಯುತ್ತು ಅದರ ಮೂಲಕವೇ ಹರಿದುಹೋಗುವುದರಿಂದ ಬುರುಡೆ ಕತ್ತಲೆ. ಡಿಸ್ಟ್ರಿಬ್ಯೂಟರಿನ ಮೈಯನ್ನು ಮೊದಲು ಎಡಕ್ಕೆ ತಿರುಗಿಸಿ ದೀಪವಾರಿಸಿ, ಆಮೇಲೆ ಬಲಕ್ಕೆ ಇಷ್ಟಿಷ್ಟೇ ಹೊರಳಿಸುತ್ತ ಬಂದಾಗ, ಒಂದು ಗಳಿಗೆಯಲ್ಲಿ ಬುರುಡೆ ಪಕ್ಕನೆ ಬೆಳಗಿತು. ತುಟಿ ಬಿಡಿಸಿದ ಗಳಿಗೆ ಅದು, ಕಿಡಿ ಹುಟ್ಟುವ ಗಳಿಗೆ ಅದು. ಅಲ್ಲಿಯೇ ಕೈ ನಿಲ್ಲಿಸಿ ಕತ್ತಿನ ಬೋಲ್ಟನ್ನು ಬಿಗಿದ. ಮದುಮಗನ ಮುಖ ಆ ಬೆಳಕಿನಲ್ಲಿ ಕಾಣಿಸಿತು, ಬೆವರಿತ್ತು.

ಇಷ್ಟೆಲ್ಲ ಆದರೂ ಗಾಡಿ ಮೊದಲು ನಿಂತದ್ದು ಏಕೆ ಎಂಬುದು ಉಳಿದೇ ಇತ್ತಲ್ಲ! ಮುದುಕ ಮುಚ್ಚಳವನ್ನು ಅಂಗೈಯಲ್ಲಿ ಹಿಡಿದು ಒಳಮೈಯನ್ನು ಬೆಳಕಿಗೆ ಒಡ್ಡಿದ. ಎರಡು ಹಿತ್ತಾಳೆಯ ಮೊಳೆಗಳ ನಡುವೆ ಕೂದಲೆಳೆಯಂಥ ಒಂದು ಬಿರುಕು, ಅದರ ಉದ್ದಕ್ಕೂ ಪೆನ್ಸಿಲಿನಿಂದ ಎಳೆದಂಥ ಕರಿಗೆರೆ. ಮಳೆಯ ತೇವ ಒಳಹೊಕ್ಕಾಗ ಕಿಡಿಯು ಪ್ಲಗ್ಗಿಗೆ ಹೋಗುವ ದೂರದ ದಾರಿಯನ್ನು ಬಿಟ್ಟು ಈ ಒಳದಾರಿ ಹಿಡಿಯುತ್ತಿತ್ತು. ಡಿಸ್ಟ್ರಿಬ್ಯೂಟರನ್ನು ಬಿಚ್ಚುವ ಕಾರಣವೇ ಇರಲಿಲ್ಲ! ಹೊಸ ಮುಚ್ಚಳ ಆ ಹೊತ್ತಿನಲ್ಲಿ ಎಲ್ಲಿಂದ ತರುವುದು? ಬ್ಲೇಡಿನ ತುದಿಯಿಂದ ಕರಿಗೆರೆಯನ್ನು ಕೆರೆದು ತೆಗೆದು, ಒಣಬಟ್ಟೆಯಿಂದ ಒರೆಸಿ, ಮುದುಕ ಮದುಮಗನ ಅಕ್ಕನ ಕಡೆಗೆ ತಿರುಗಿದ.

“ತಂಗೆವ್ವಾ, ಉಗುರಿಗೆ ಹಚ್ಚೋ ಬಣ್ಣ ಐತೇನವಾ ನಿನ್ನ ಟ್ರಂಕಿನ್ಯಾಗ?”

ಉಗುರುಬಣ್ಣ ಒಣಗಿದ ಮೇಲೆ ವಿದ್ಯುತ್ತನ್ನು ಹಾಯಗೊಡದು. ಬಿರುಕಿನ ಮೇಲೆ ಅದನ್ನು ಎರಡು ಸಲ ಲೇಪಿಸಿದರೆ ಕೆಲವು ದಿನಗಳ ಮಟ್ಟಿಗೆ ಕಿಡಿಯ ಒಳದಾರಿ ಮುಚ್ಚುತ್ತದೆ. ಮದುಮಗಳಿಗೆಂದು ತಂದಿದ್ದ ಕೆಂಪು ಬಣ್ಣವು ಹೀಗೆ ಕರಿಯ ಬಟ್ಟಲಿನ ಪಾಲಾಯಿತು.

ಕಿಡಿಯ ಪೂರ್ವಜರು

ಈ ಬಟ್ಟಲಿನ ಹಿಂದೆ ದೊಡ್ಡವರ ಹೆಸರುಗಳಿವೆ. ಜರ್ಮನಿಯ ರಾಬರ್ಟ್ ಬಾಷ್‌ನ ಕಾರ್ಖಾನೆಯಲ್ಲಿ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ಹೆಚ್ಚು ವೋಲ್ಟಿನ ಮ್ಯಾಗ್ನೆಟೋ ರೂಪಿಸಿದನು. ಅದಕ್ಕೆ ಬ್ಯಾಟರಿಯೇ ಬೇಡ. ಆದರೆ ಎಂಜಿನ್ನು ನಿಧಾನವಾಗಿ ತಿರುಗುವಾಗ ಅದರ ಕಿಡಿ ದುರ್ಬಲ. ಅಮೆರಿಕದ ಡೇಟನ್ ನಗರದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲು, ಪಾಯಿಂಟು ಇವನ್ನು ಹೊಂದಿಸಿ ಕಟ್ಟಿದ ಏರ್ಪಾಟು 1910ರ ಕ್ಯಾಡಿಲಾಕ್ ಕಾರುಗಳಿಗೆ ಬಂದಿತು. ಅಂಗಡಿಗಳಲ್ಲಿ ಹಣ ಎಣಿಸುವ ಯಂತ್ರಕ್ಕೆ ವಿದ್ಯುತ್ತು ಜೋಡಿಸಿದ್ದವನೂ ಅವನೇ. 1912ರಲ್ಲಿ ಕ್ಯಾಡಿಲಾಕಿಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟವನೂ ಅವನೇ. ಅವನ ಕ್ರಮವೇ ಮುಂದಿನ ಆರೇಳು ದಶಕಗಳ ಕಾಲ ಜಗತ್ತಿನ ಬಹುಪಾಲು ಪೆಟ್ರೋಲು ಕಾರುಗಳನ್ನು ನಡೆಸಿತು. ಭಾರತದಲ್ಲಿ 1961ರಲ್ಲಿ ಲೂಕಾಸ್-ಟಿವಿಎಸ್ ಸಂಸ್ಥೆ ಸ್ಥಾಪನೆಯಾಯಿತು. 1951ರಲ್ಲಿ ಹುಟ್ಟಿದ ಮೈಕೋ ಬೆಂಗಳೂರಿನ ಆಡುಗೋಡಿಯಲ್ಲಿ ಕಾರ್ಖಾನೆ ಕಟ್ಟಿ ಪ್ಲಗ್ಗುಗಳನ್ನು ತಯಾರಿಸಿತು.

ರೋಟರಿಗೆ ಯುದ್ಧದ ಕಥೆಯೂ ಉಂಟು. 1940ರಲ್ಲಿ, ಜರ್ಮನ್ ಸೈನಿಕರು ಇಳಿದಾರೆಂಬ ಭಯದಲ್ಲಿ, ಬ್ರಿಟನ್ನಿನಲ್ಲಿ ಕಾರನ್ನು ನಿಲ್ಲಿಸಿ ಹೋಗುವವರು ಅದು ಓಡದಂತೆ ಮಾಡಿಯೇ ಹೋಗಬೇಕೆಂಬ ಆಜ್ಞೆ ಹೊರಟಿತು. ಅನೇಕರು ಕಂಡುಕೊಂಡ ಸುಲಭದ ದಾರಿ ರೋಟರನ್ನು ತೆಗೆದು ಕಿಸೆಯಲ್ಲಿ ಹಾಕಿಕೊಳ್ಳುವುದು. ನಮ್ಮ ಕಡೆಯ ಜಾಣ ಡ್ರೈವರುಗಳೂ ಜಾತ್ರೆಯಲ್ಲಿ ಗಾಡಿ ನಿಲ್ಲಿಸಿದಾಗ ಇದೇ ಉಪಾಯ ಮಾಡುತ್ತಿದ್ದುದುಂಟು.

ರಾಯಚೂರು ಸೀಮೆಯಲ್ಲಿ ಬಟ್ಟಲಿನ ಶತ್ರುಗಳು ಎರಡು ಋತುವಿಗೆ ಎರಡು. ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು, ಮಳೆಗಾಲದಲ್ಲಿ ಹಳ್ಳದ ನೀರು. ತುಂಬಿದ ಹಳ್ಳ ದಾಟುವ ಜೀಪಿನಲ್ಲಿ ಫ್ಯಾನು ನೀರನ್ನೆತ್ತಿ ನೇರವಾಗಿ ಡಿಸ್ಟ್ರಿಬ್ಯೂಟರಿನ ಮೇಲೆ ಎರಚುತ್ತದೆ. ಅನುಭವಿಗಳು ದಾಟುವ ಮೊದಲು ಫ್ಯಾನಿನ ಬೆಲ್ಟನ್ನು ಕಳಚುತ್ತಿದ್ದರು, ಇಲ್ಲವೆ ಬಟ್ಟಲಿಗೆ ರಬ್ಬರ್ ಹಾಳೆ ಸುತ್ತುತ್ತಿದ್ದರು. ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ಮತ್ತೊಂದು ಮೋಸವುಂಟು: ಕೊಳವೆಯಲ್ಲಿಯೇ ಪೆಟ್ರೋಲು ಕುದಿದು ಆವಿಯಾಗಿ ಗಾಡಿ ನಿಲ್ಲುತ್ತದೆ; ಜನ ಕಿಡಿಯನ್ನು ದೂರುತ್ತಾರೆ. ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಬೇವಿನ ನೆರಳಿನಲ್ಲಿ ಕುಳಿತರೆ ಗುಣವಾಗುವ ರೋಗಕ್ಕೆ ಡಿಸ್ಟ್ರಿಬ್ಯೂಟರನ್ನು ಸೀಳಿದವರು ಕಡಮೆಯಿಲ್ಲ. ಕಾಯಿಲಿನಿಂದ ಬರುವ ದಪ್ಪ ವಾಯರಿನ ತುದಿಯನ್ನು ಎಂಜಿನ್ನಿನ ಮೈಯಿಂದ ಕಾಲಂಗುಲ ದೂರ ಹಿಡಿದು ಸ್ಟಾರ್ಟರ್ ಎಳೆದು ನೋಡಬೇಕು. ನೀಲಿ ಕಿಡಿ ಚಟ್ಟನೆ ಹಾರಿದರೆ ಕಾಯಿಲು, ಪಾಯಿಂಟು, ಕಂಡೆನ್ಸರು ಮೂರೂ ಕ್ಷೇಮ. ತಪ್ಪಿದ್ದರೆ ಮುಚ್ಚಳ, ರೋಟರು, ವಾಯರುಗಳಲ್ಲಿ, ಇಲ್ಲವೆ ಪೆಟ್ರೋಲಿನಲ್ಲಿ ಹುಡುಕಬೇಕು. ವಾಯರನ್ನು ಒಣಗಿದ ಬಟ್ಟೆಯಲ್ಲಿ ಹಿಡಿಯುವುದನ್ನು ಮಾತ್ರ ಮರೆಯಕೂಡದು.

ಈಗ ಅಂಬಾಸಿಡರು ತಯಾರಾಗುವುದಿಲ್ಲ. ಉತ್ತರಪಾಡಾದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಬಾಗಿಲು ಮುಚ್ಚಿತು. ಹದಿನೈದು ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗಿ, ಕಚೇರಿಗಳ ಅಂಗಳದಲ್ಲಿ ನಿಂತಿದ್ದ ಹಳೆಯ ಜೀಪುಗಳು ಗುಜರಿಯ ದಾರಿ ಹಿಡಿದವು. ಹೊಸ ಕಾರುಗಳಲ್ಲಿ ಪಾಯಿಂಟೂ ಇಲ್ಲ, ರೋಟರೂ ಇಲ್ಲ. ಕ್ರ್ಯಾಂಕಿನ ನಡೆಯನ್ನು ಒಂದು ಸೆನ್ಸರು ನೋಡುತ್ತದೆ, ಲೆಕ್ಕವನ್ನು ಕಂಪ್ಯೂಟರು ಇಡುತ್ತದೆ, ಪ್ಲಗ್ಗಿಗೊಂದು ಕಾಯಿಲು ಇರುತ್ತದೆ. ವಿಚಿತ್ರವೆಂದರೆ 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿಯೂ ಸಿಲಿಂಡರಿಗೊಂದರಂತೆ ನಾಲ್ಕು ಕಾಯಿಲುಗಳಿದ್ದವು! ಸಿಂಧನೂರಿನ ಗದ್ದೆಗಳಲ್ಲಿ ದುಡಿಯುವ ಟ್ರ್ಯಾಕ್ಟರುಗಳಿಗಂತೂ ಕಿಡಿಯೇ ಬೇಡ. ಡೀಸೆಲ್ಲು ಒತ್ತಡದ ಕಾವಿಗೇ ಹೊತ್ತಿಕೊಳ್ಳುತ್ತದೆ. ಆದರೆ ಆ ಡೀಸೆಲ್ಲನ್ನು ಚಿಮ್ಮುವ ಪಂಪಿಗೂ ಗಳಿಗೆಯುಂಟು. ಅದನ್ನು ಬಿಚ್ಚುವ ಮಿಸ್ತ್ರಿ ಮೊದಲು ಮಾಡುವ ಕೆಲಸವೂ ಗೆರೆ ಕೊರೆಯುವುದೇ.

ಮಸ್ಕಿಯ ಹೊರಗೆ, ನಸುಕಿನ ನಾಲ್ಕರ ಹೊತ್ತಿಗೆ ಉಗುರುಬಣ್ಣ ಒಣಗಿತು. ಮುಚ್ಚಳ ಕೂತಿತು, ಚಿಮುಟಗಳು ಬಿದ್ದವು. ಮುದುಕ ಮೊದಲ ಹ್ಯಾಂಡಲನ್ನು ತಾನು ಹೊಡೆಯದೆ ಹುಡುಗನ ಕೈಗೆ ಕೊಟ್ಟ. “ಹೆಬ್ಬಟ್ಟು ಹ್ಯಾಂಡಲಿನ ಆಚಿಗೆ ಹೋಗಬಾರ್ದು, ನಾಕೂ ಬೆರಳಿನ ಕೂಡ ಇರಲಿ.” ಒಂದು ಎಳೆತ, ಎರಡನೆಯ ಎಳೆತ. ಎಂಜಿನ್ನು ಹೊತ್ತಿಕೊಂಡು, ಒಮ್ಮೆ ಕೊಸರಿ, ಆಮೇಲೆ ಹದವಾಗಿ ನಡೆಯತೊಡಗಿತು. ಮುದುಕ ಕಿವಿಗೊಟ್ಟು ಕೇಳಿದ. ಕತ್ತಿನ ಬೋಲ್ಟನ್ನು ಸಡಿಲಿಸಿ ಕೂದಲೆಳೆಯಷ್ಟು ಹೊರಳಿಸಿ ಮತ್ತೆ ಬಿಗಿದ. ಸೋದರಮಾವ ಕಿಸೆಗೆ ಕೈ ಹಾಕಿದರು.

“ತಡೀರಿ ಯಜಮಾನ್ರ, ಇನ್ನೊಂದು ಕೆಲಸ ಐತಿ,” ಎಂದು ಮುದುಕ ತನ್ನ ಗಂಟಿನಿಂದ ಒಂದು ಚೂಪಾದ ಮೊಳೆ ತೆಗೆದು ಹುಡುಗನಿಗೆ ಕೊಟ್ಟ.

ಹುಡುಗ ಬಾಗಿ, ಬಟ್ಟಲಿನ ಬುಡದಿಂದ ಎಂಜಿನ್ನಿನ ಮೈಗೆ ಹಾಯುವಂತೆ, ಎರಡು ಸಲ ಒತ್ತಿ ಒಂದು ಗೆರೆ ಕೊರೆದ.